ಗ್ಯಾಸ್ ಒಲೆಯ ಮೇಲೆ ತೊಡದೇವು

ತೊಡದೇವು ಅಂದರೆ ಬೋರಲು ಹಾಕಿದ ಗಡಿಗೆಯ ಮೇಲೆ ಕಬ್ಬಿನ ಹಾಲಿನ ಹಿಟ್ಟು ಸವರಿ ಮಾಡುವ ನಮ್ಮ ಮಲೆನಾಡಿನ ತೆಳು ಸಿಹಿತಿಂಡಿ. ಗ್ಯಾಸ್ ಮೇಲೆ ಅದು ಆಗೋದಿಲ್ಲ ಅಂದವರೆಲ್ಲ ಈ ಸಲ ನಮ್ಮ ಬೆಂಗಳೂರು ಮನೆಗೆ ಬಂದು ಡಬ್ಬ ಖಾಲಿ ಮಾಡಿ ಹೋದರು. ದೊಡ್ಡಮ್ಮ ಫೋನಿನಲ್ಲೇ ತೀರ್ಪು ಕೊಟ್ಟಿದ್ದಳು: "ಗ್ಯಾಸಲ್ಲಿ ತೊಡದೇವು ಏಳ್ತಿಲ್ಲೆ ತಮಾ. ಸುಮ್ನೆ ದುಡ್ಡು ದಂಡ." ದುಡ್ಡು ದಂಡವಾದದ್ದು ನಿಜ. ಗಡಿಗೆಯಿಂದ ಏಳಲಿಲ್ಲ ಅನ್ನೋದು ಮಾತ್ರ ಸುಳ್ಳು.

ಹಿಟ್ಟಿನ ಬಗ್ಗೆ ಜಾಸ್ತಿ ಹೇಳೋದಿಲ್ಲ, ನಿಮಗೆಲ್ಲ ಗೊತ್ತಿದ್ದದ್ದೇ. ಒಂದು ಪಾವು ದೋಸೆ ಅಕ್ಕಿಗೆ ಹೆಚ್ಚುಕಡಿಮೆ ಮುಕ್ಕಾಲು ಲೀಟರ್ ಕಬ್ಬಿನ ಹಾಲು, ಚಿಟಿಕೆ ಅರಿಶಿನ, ಉಪ್ಪು. ನೀರುದೋಸೆ ಹಿಟ್ಟಿಗಿಂತ ತೆಳು. ಕಬ್ಬಿನ ಹಾಲು ತರುವಾಗ ಗಾಣದವನ ಎದುರೇ ನಿಂತಿರಿ. ಐಸ್, ನಿಂಬೆ, ಶುಂಠಿ ಏನೂ ಬೇಡ ಅಂತ ಎರಡೆರಡು ಸಲ ಹೇಳಬೇಕು. ನಿಂಬೆ ಬಿದ್ದ ಹಾಲಿನಲ್ಲಿ ಮಾಡಿದ್ದು ಅಂಟಂಟಾಗಿ ಗಡಿಗೆ ಬಿಡಲೇ ಇಲ್ಲ. ಮೂರು ಗ್ಲಾಸಿಗೆ ತೊಂಬತ್ತು ರೂಪಾಯಿ ಆಯಿತು. ಊರಿನ ಆಲೆಮನೆಯಲ್ಲಿ ಕೊಡಪಾನಗಟ್ಟಲೆ ಪುಕ್ಕಟೆ ಹೊತ್ತು ತಂದವರಿಗೆ ಇದು ಹೊಟ್ಟೆ ಉರಿಯುವ ರೇಟೇ.

ನಿಜವಾದ ತಲೆನೋವು ಗಡಿಗೆಯದ್ದು. ಇಲ್ಲಿ ಕೊಂಡ ಗಡಿಗೆಗಳು ನೋಡಲು ಚಂದ, ಬೆಂಕಿಗೆ ಇಟ್ಟರೆ ಟಪ್ ಅಂತ ಸೀಳು. ಒಂದೊಂದಕ್ಕೂ ಇನ್ನೂರು, ಇನ್ನೂರೈವತ್ತು. ಕೊನೆಗೆ ಉತ್ತರ ಕನ್ನಡದ ಸಿದ್ದಾಪುರದ ಕಡೆಯಿಂದ ಅಗಲ ಬಾಯಿಯ ಗಡಿಗೆ ತರಿಸಿದೆ. ರಾತ್ರಿ ಬಸ್ಸಿನಲ್ಲಿ ಅದನ್ನು ತೊಡೆ ಮೇಲೆ ಇಟ್ಟುಕೊಂಡು ಬಂದ ಭಾವ ಈಗಲೂ ಅದರ ಲೆಕ್ಕ ಹೇಳುತ್ತಾನೆ. ಹೊಸ ಗಡಿಗೆಯನ್ನು ಎಣ್ಣೆ ಸವರಿ, ಸಣ್ಣ ಉರಿಯಲ್ಲಿ ಕಾಯಿಸಿ, ತಣಿಸಿ, ಮತ್ತೆ ಸವರಿ ಒಂದು ವಾರ ಪಳಗಿಸಿದೆ. ಆತುರ ಮಾಡಿದರೆ ಅದೂ ಹೋಗುತ್ತದೆ.

ಗಡಿಗೆ ಸರಿಯಾದರೂ ಉರಿ ಸರಿಯಾಗಲಿಲ್ಲ. ಅಮ್ಮಮ್ಮ ಒಲೆಗೆ ಒಣ ಸೋಗೆ (ಗರಿ) ತುರುಕಿದರೆ ಉರಿ ಗಡಿಗೆಯ ಒಳಗೆಲ್ಲ ತುಂಬುತ್ತಿತ್ತು. ಗ್ಯಾಸಿನ ಉರಿ ನಡುವೆ ಒಂದೇ ಕಡೆ ಹೊಡೆಯುತ್ತದೆ. ನೆತ್ತಿ ಕರಕಲು, ಪಕ್ಕ ತಣ್ಣಗೆ. ಗಡಿಗೆ ಬೋರಲು ಹಾಕಿ ಬಾಯಿ ಪೂರ್ತಿ ಮುಚ್ಚಿದರೆ ಗಾಳಿ ಸಿಗದೆ ಒಲೆ ಆರುತ್ತದೆ. ಜೊತೆಗೆ ಬಿಸಿಯೆಲ್ಲ ಕೆಳಗೇ ತಿರುಗುತ್ತದೆ. ಹಾಗೇ ಒಂದು ದಿನ ಸ್ಟೋವಿನ ಗಾಜು ಸಿಡಿಯಿತು. ನಾಲ್ಕು ಸಾವಿರದ ಮೇಲೆ ಖರ್ಚು. ಹೆಂಡತಿ ಆ ವಾರ ತೊಡದೇವು ಅನ್ನೋ ಹೆಸರು ಎತ್ತಲು ಬಿಡಲಿಲ್ಲ.

ಆಮೇಲೆ ಹಳೆಯ ಒಂಟಿ ಬರ್ನರ್ ಕಬ್ಬಿಣದ ಒಲೆ ತಂದು ಬಾಲ್ಕನಿಯಲ್ಲಿ ಇಟ್ಟೆ. ಬರ್ನರ್ ಮೇಲೆ ತೂತು ಕೊರೆಸಿದ ಕಬ್ಬಿಣದ ತಗಡು. ಸುತ್ತ ಮೂರು ಇಟ್ಟಿಗೆ ಚೂರು, ಅದರ ಮೇಲೆ ಗಡಿಗೆ. ತಗಡಿಗೂ ಗಡಿಗೆಯ ಅಂಚಿಗೂ ನಡುವೆ ಎರಡು ಬೆರಳು ಜಾಗ ಇರಲಿ. ತಗಡಿನಲ್ಲಿ ನಡುವೆ ತೂತು ಕಮ್ಮಿ, ಅಂಚಿಗೆ ಜಾಸ್ತಿ. ಇಷ್ಟೇ. ವೆಲ್ಡಿಂಗ್ ಅಂಗಡಿಯವನು ಇದು ಯಾವ ಯಂತ್ರಕ್ಕೆ ಅಂತ ಕೇಳಿದ, ನೂರು ರೂಪಾಯಿ ತೆಗೆದುಕೊಂಡ.

ಗಡಿಗೆ ಕಾದಿದೆಯೋ ಇಲ್ಲವೋ ಅಂತ ತಿಳಿಯಲು ಹಿಟ್ಟಿನ ನಾಲ್ಕು ಹನಿ ಚಿಮುಕಿಸಿ. ಹನಿ ಉರುಳಿ ಹಾರಿದರೆ ಕಾವು ಜಾಸ್ತಿ, ಸುಮ್ನೆ ಕೂತರೆ ಕಮ್ಮಿ. ಬಟ್ಟೆ ಹಳೆಯ ಮಲ್ ಪಂಚೆಯದ್ದೇ ಆಗಬೇಕು. ಕೋಲಿಗೆ ಕಟ್ಟಿ, ಹಿಟ್ಟಿನಲ್ಲಿ ಅದ್ದಿ, ಒಂದೇ ಗುಕ್ಕಿಗೆ ಎಳೆಯಿರಿ. ಎಳೆದ ಜಾಗದ ಮೇಲೆ ಮತ್ತೆ ಎಳೆದರೆ ದಪ್ಪವಾಗಿ ರೊಟ್ಟಿಯಾಗುತ್ತದೆ. ಅಂಚು ತಾನಾಗಿ ಎದ್ದ ಕೂಡಲೇ ಗಡಿಗೆಯ ಮೇಲೇ ಮಡಚಿ ತೆಗೆಯಬೇಕು. ಕೆಳಗಿಳಿಸಿ ಮಡಚಲು ಹೋದರೆ ಪುಡಿಪುಡಿ. ಒಂದೊಂದು ತೊಡದೇವಿನ ನಡುವೆ ಸವರುವ ಎಣ್ಣೆಗೆ ನಾನು ಒಂದು ವಸ್ತು ಸೇರಿಸುತ್ತೇನೆ. ಅದು ಅಮ್ಮಮ್ಮನದು, ಕೇಳಬೇಡಿ.

ಪಾವು ಅಕ್ಕಿಗೆ ಮೂವತ್ತರ ಹತ್ತಿರ ಬರುತ್ತವೆ. ಅಮ್ಮಮ್ಮನ ಕಾಲದಲ್ಲಿ ಹರಿದದ್ದು ಮಕ್ಕಳಿಗೆ, ಇಡಿಯದು ಡಬ್ಬಕ್ಕೆ. ಅವಳ ಕೈಯಲ್ಲಿ ಹರಿಯುತ್ತಿದ್ದುದೇ ಅಪರೂಪ. ನಾವು ಬಾಗಿಲ ಸಂದಿಯಲ್ಲಿ ಕೂತು ಹರಿಯಲಿ ಅಂತ ಕಾಯುತ್ತಿದ್ದೆವು. ಹರಿದಾಗಲೂ ಎಷ್ಟೋ ಸಲ ಬೇಕಂತಲೇ ಹರಿಯುತ್ತಿದ್ದಳು ಅಂತ ಈಗ ಕೋಲು ಹಿಡಿದ ಮೇಲೆ ಗೊತ್ತಾಗುತ್ತಿದೆ, ಅಷ್ಟು ಪಳಗಿದ ಕೈ ತಪ್ಪುವುದಿಲ್ಲ.

ನಡುವೆ ಆಂಧ್ರದ ಆತ್ರೇಯಪುರದ ಪೂತರೇಕುಲು ಕೂಡ ಪ್ರಯತ್ನಿಸಿದೆ. ಅದೂ ಬೋರಲು ಗಡಿಗೆಯ ಮೇಲೆಯೇ, 2023ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಬಂತು. ಅವರದ್ದು ಬರೀ ಅಕ್ಕಿ ಹಾಲು, ಸಿಹಿ ಆಮೇಲೆ ಒಳಗೆ. ಹಾಳೆ ಕಾಗದಕ್ಕಿಂತ ತೆಳು. ನನ್ನದು ಎದ್ದಿತು, ಆದರೆ ಸುತ್ತಲು ಬರಲಿಲ್ಲ. ಕಬ್ಬಿಣದ ಬಾಣಲೆ ಬೋರಲು ಹಾಕಿಯೂ ನೋಡಿದೆ, ಸೀದು ಹೋಯಿತು. ಜೋನಿ ಬೆಲ್ಲ (ದ್ರವ ಬೆಲ್ಲ) ನೀರಿನಲ್ಲಿ ಕರಗಿಸಿ ಮಾಡಿದ್ದು ಮಾತ್ರ ಚೆನ್ನಾಗಿಯೇ ಬಂತು, ಬಣ್ಣ ಸ್ವಲ್ಪ ಕಪ್ಪು. ಕಬ್ಬು ಸಿಗದ ಕಾಲಕ್ಕೆ ಅದೇ ಗತಿ.

ಆಯಿ, ಅಂದರೆ ಅಮ್ಮ, ಎರಡು ತಿಂದು, ತುಪ್ಪ ಹಾಕಿಸಿಕೊಂಡು ಮೂರನೆಯದನ್ನೂ ತಿಂದು, ಹೊಗೆ ವಾಸನೆ ಇಲ್ಲ ಅಂದಳು. ಅದು ಸರಿಯೇ. ಹೊಗೆ ವಾಸನೆ ಬರಲಿ ಅಂತ ತಗಡಿನ ಮೇಲೆ ತೆಂಗಿನ ಗರಟೆ ಚೂರು ಇಟ್ಟು ನೋಡಿದೆ, ಮೇಲಿನ ಮನೆಯವರು ಬಂದು ಬಾಗಿಲು ಬಡಿದರು. ಅವರಿಗೂ ಎರಡು ಕೊಟ್ಟು ಕಳಿಸಿದೆ.