ಹೋಂವರ್ಕ್ ನೆನಪಿಟ್ಟುಕೊಳ್ಳೋದು ಯಾರ ಕೆಲಸ?

ರಾತ್ರಿ ಒಂಬತ್ತೂವರೆ. ಎಲ್ಲರದ್ದೂ ಊಟ ಮುಗಿದಿದೆ. ಆಗ ಏಳನೇ ಕ್ಲಾಸಿನ ಮಗ ಮೆಲ್ಲಗೆ ಬಂದು ‘ಅಪ್ಪಾ, ನಾಳೆ ಪ್ರಾಜೆಕ್ಟ್ ಕೊಡ್ಬೇಕು, ಚಾರ್ಟ್ ಪೇಪರ್ ಇಲ್ಲ’ ಅನ್ನುತ್ತಾನೆ. ಅಪ್ಪ ಬೈಯುತ್ತಲೇ ಸ್ಕೂಟರ್ ತೆಗೆದು, ಇನ್ನೂ ಶಟರ್ ಎಳೆಯದ ಸ್ಟೇಷನರಿ ಅಂಗಡಿ ಎಲ್ಲಿದೆ ಅಂತ ಹುಡುಕಿಕೊಂಡು ಹೊರಡುತ್ತಾರೆ. ಅಮ್ಮ ಮೊಬೈಲಿನಲ್ಲಿ ಚಿತ್ರ ಹುಡುಕೋಕೆ ಕೂರುತ್ತಾರೆ. ಹನ್ನೊಂದು ಗಂಟೆಗೆ ಪ್ರಾಜೆಕ್ಟ್ ರೆಡಿ, ಮಗ ಗಾಢ ನಿದ್ದೆಯಲ್ಲಿ.

‘ಜವಾಬ್ದಾರಿ ಅನ್ನೋದೇ ಇಲ್ಲ’ ಅಂತ ಬೈಯೋದು ಸುಲಭ. ಆದರೆ ಮುಂದಿನದನ್ನು ಯೋಚಿಸೋದು, ಮನಸ್ಸನ್ನು ಹಿಡಿದಿಡೋದು, ಎರಡು ಮೂರು ವಿಷಯ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳೋದು, ಇದೆಲ್ಲ ಹೆಚ್ಚಾಗಿ ಹಣೆಯ ಹಿಂದಿರುವ ಮಿದುಳಿನ ಭಾಗದ ಕೆಲಸ. ಆ ಭಾಗ ಪೂರ್ತಿ ಬಲಿಯೋಕೆ ಇಪ್ಪತ್ತೈದರ ಹತ್ತಿರ ವಯಸ್ಸಾಗುತ್ತೆ. ಹದಿಮೂರರ ಹುಡುಗನಿಗೆ ಬೈದರೆ ಅದು ಬೇಗ ಬಲಿಯೋದಿಲ್ಲ. ಹಾಗಂತ ಎಲ್ಲವನ್ನೂ ನಾವೇ ಮಾಡಿಕೊಟ್ಟರೂ ಅವನು ಕಲಿಯೋದಿಲ್ಲ. ಇವೆರಡರ ನಡುವೆ ಮಾಡಬಹುದಾದ ಕೆಲಸ ಸಾಕಷ್ಟಿದೆ. ಐದನೇ ಕ್ಲಾಸಿನಿಂದ ಹೈಸ್ಕೂಲ್ ತನಕದ ಮಕ್ಕಳಿಗೆ ಇದು ಹೊಂದುತ್ತೆ.

ಮೊದಲು ಒಂದು ವಾರ ಸುಮ್ನೆ ನೋಡಿ

ಎಲ್ಲಿ ಎಡವಟ್ಟಾಗ್ತಿದೆ? ಕೆಲವು ಮಕ್ಕಳಿಗೆ ಏನು ಮಾಡಬೇಕು ಅನ್ನೋದೇ ಮರೆತುಹೋಗುತ್ತೆ. ಕೆಲವರಿಗೆ ಎಲ್ಲ ನೆನಪಿರುತ್ತೆ, ಪುಸ್ತಕ ತೆರೆಯೋಕೆ ಆಗಲ್ಲ. ಇನ್ನು ಕೆಲವರು ಚೆನ್ನಾಗಿಯೇ ಶುರು ಮಾಡ್ತಾರೆ, ಆದರೆ ಮೊದಲ ಉತ್ತರಕ್ಕೆ ಬಣ್ಣದ ಪೆನ್ನಲ್ಲಿ ಬಾರ್ಡರ್ ಹಾಕೋದರಲ್ಲೇ ಸಂಜೆ ಕಳೆದುಹೋಗುತ್ತೆ. ಮೂರಕ್ಕೂ ಮದ್ದು ಬೇರೆ. ಒಂದನ್ನು ಮಾತ್ರ ಹಿಡಿದುಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಸರಿ ಮಾಡೋಕೆ ಹೋದರೆ ಮನೆಯಲ್ಲಿ ಜಗಳ ಗ್ಯಾರಂಟಿ.

ನೆನಪು ಅಮ್ಮನ ಫೋನಿನಿಂದ ಆಚೆ ಬರಲಿ

ಈಗ ತುಂಬಾ ಶಾಲೆಗಳಲ್ಲಿ ಹೋಂವರ್ಕ್ ಬರೋದು ಪೋಷಕರ ವಾಟ್ಸ್‌ಆ್ಯಪ್ ಗ್ರೂಪಿಗೆ. ಅನುಕೂಲವೇನೋ ಹೌದು. ಆದರೆ ಅಮ್ಮನಿಗೆ ಮೆಸೇಜ್ ಬರುತ್ತೆ ಅಂತ ಗೊತ್ತಿರುವ ಹುಡುಗಿ ಕ್ಲಾಸಿನಲ್ಲಿ ಯಾಕೆ ಬರೆದುಕೊಳ್ತಾಳೆ ಹೇಳಿ? ಅವಳಿಗೆ ಒಂದು ಸಣ್ಣ ಡೈರಿ ಕೊಡಿ. ಪಾಠ ಮುಗಿದ ತಕ್ಷಣ ಅವಳೇ ಬರೆಯಲಿ. ಸಂಜೆ ಅವಳು ಡೈರಿ ತೋರಿಸಿದ ಮೇಲಷ್ಟೇ ನೀವು ಗ್ರೂಪ್ ನೋಡಿ. ಏನಾದರೂ ಬಿಟ್ಟುಹೋಗಿದ್ದರೆ ‘ಇನ್ನೊಂದು ಇದೆ, ಯಾವುದು ನೆನಪು ಮಾಡ್ಕೋ’ ಅನ್ನಿ. ಉತ್ತರ ಹೇಳಬೇಡಿ.

ಬ್ಯಾಗ್ ಜೋಡಿಸೋದೂ ಹೀಗೇ. ವ್ಯಾನ್ ಹಾರ್ನ್ ಹೊಡೀತಿರುವಾಗ ಜಾಮಿಟ್ರಿ ಬಾಕ್ಸ್ ಹುಡುಕೋ ಬದಲು ರಾತ್ರಿ ಮಲಗೋ ಮುಂಚೆ ಟೈಮ್‌ಟೇಬಲ್ ನೋಡಿಕೊಂಡು ಜೋಡಿಸಲಿ. ಐಡಿ ಕಾರ್ಡ್, ನೀರಿನ ಬಾಟಲ್, ಪಿಟಿ ಇರುವ ದಿನ ಶೂ ಅಂತ ಒಂದು ಪಟ್ಟಿ ಬಾಗಿಲ ಹಿಂದೆ ಅಂಟಿರಲಿ. ಆ ಪಟ್ಟಿ ಮಗುವಿನ ಕೈಬರಹದಲ್ಲೇ ಇರಬೇಕು. ನೀವು ಪ್ರಿಂಟ್ ತೆಗೆದು ಲ್ಯಾಮಿನೇಟ್ ಮಾಡಿಸಿದರೆ ಅದು ನಿಮ್ಮ ಪಟ್ಟಿ ಆಗುತ್ತೆ.

ಸಮಯದ ಅಂದಾಜು

ಇದಕ್ಕೆ ಜಾಸ್ತಿ ಹೊತ್ತು ಕೊಡಿ ಅಂತ ನನ್ನ ಸಲಹೆ, ಯಾಕಂದ್ರೆ ಹೆಚ್ಚಿನ ಮನೆಗಳಲ್ಲಿ ಇದನ್ನು ಯಾರೂ ಕಲಿಸೋದೇ ಇಲ್ಲ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಎರಡು ಕಾಲಂ ಎಳೆಯಿರಿ. ಒಂದರಲ್ಲಿ ‘ಅಂದಾಜು’, ಇನ್ನೊಂದರಲ್ಲಿ ‘ನಿಜ’. ಐದು ಲೆಕ್ಕಕ್ಕೆ ಎಷ್ಟು ಹೊತ್ತು ಬೇಕು? ‘ಹತ್ತು ನಿಮಿಷ ಸಾಕು’ ಅಂತಾರೆ. ಬರೆಸಿ. ಮುಗಿದ ಮೇಲೆ ಗಡಿಯಾರ ನೋಡಿದರೆ ಅರ್ಧ ಗಂಟೆ ಆಗಿರುತ್ತೆ. ಅದನ್ನೂ ಬರೆಸಿ. ‘ನೋಡಿದ್ಯಾ, ನಾನು ಹೇಳಿರಲಿಲ್ವಾ’ ಅನ್ನೋ ಮಾತು ಮಾತ್ರ ಬೇಡವೇ ಬೇಡ. ಕೆಲವು ದಿನ ಕಳೆದ ಮೇಲೆ ಮಕ್ಕಳೇ ಅಂದಾಜನ್ನು ತಿದ್ದಿಕೊಳ್ಳೋಕೆ ಶುರು ಮಾಡ್ತಾರೆ.

ಇದು ಮಕ್ಕಳ ದಡ್ಡತನ ಅಂದುಕೊಳ್ಳಬೇಡಿ. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದವಿಯ ಕೊನೇ ವರ್ಷದವರನ್ನು ಪ್ರಬಂಧ ಯಾವಾಗ ಮುಗಿಸ್ತೀರಿ ಅಂತ ಕೇಳಿದರು. ಸರಾಸರಿ ಅಂದಾಜು ಸುಮಾರು 34 ದಿನ, ನಿಜವಾಗಿ ಹಿಡಿದದ್ದು ಸುಮಾರು 55. ಮನೆ ಕಟ್ಟಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡ ಕೆಲಸವಿದ್ದರೆ ಹಿಂದಿನಿಂದ ಎಣಿಸಿ

ನಮ್ಮ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ಎಫ್‌ಎ (ನಡುನಡುವೆ ಬರುವ ಸಣ್ಣ ಮೌಲ್ಯಮಾಪನ), ಎರಡು ಎಸ್‌ಎ (ಅವಧಿಯ ಕೊನೆಯ ದೊಡ್ಡ ಪರೀಕ್ಷೆ) ಅಂತ ಇರೋದರಿಂದ ಅಭ್ಯಾಸ ಮಾಡೋಕೆ ಅವಕಾಶಕ್ಕೇನೂ ಬರವಿಲ್ಲ. ‘ನಮ್ಮೂರ ಕೆರೆ’ ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ, ಶುಕ್ರವಾರ ಕೊಡಬೇಕು ಅಂದುಕೊಳ್ಳಿ. ಕ್ಯಾಲೆಂಡರ್ ಮುಂದೆ ಮಗುವನ್ನು ಕೂರಿಸಿಕೊಂಡು ಶುಕ್ರವಾರದಿಂದ ಹಿಂದಕ್ಕೆ ಬನ್ನಿ. ಗುರುವಾರ ಏನೂ ಬರೆಯಬೇಡಿ, ಅದು ಕರೆಂಟ್ ಹೋದರೆ, ನೆಂಟರು ಬಂದರೆ, ಜ್ವರ ಬಂದರೆ ಅಂತ ಇಟ್ಟ ದಿನ. ಬುಧವಾರ ಅಂಟಿಸಿ ಅಂದವಾಗಿ ಬರೆಯೋದು. ಸೋಮವಾರ, ಮಂಗಳವಾರ ರಫ್ ಆಗಿ ಬರೆಯೋದು. ಭಾನುವಾರ ಕೆರೆ ಏರಿಯ ಮೇಲೆ ಹೋಗಿ ಫೋಟೋ ತೆಗೆದು, ಅಲ್ಲಿ ಮೀನು ಹಿಡಿಯೋರನ್ನೋ ದನ ಮೇಯಿಸೋರನ್ನೋ ಮಾತಾಡಿಸಿ, ಮುಂಚೆ ಕೆರೆ ಯಾವ ತಿಂಗಳಲ್ಲಿ ಕೋಡಿ ಬೀಳ್ತಿತ್ತು ಅಂತ ಕೇಳಿಕೊಂಡು ಬರೋದು. ಶನಿವಾರ ಚಾರ್ಟ್ ಪೇಪರ್, ಗೋಂದು ತರೋದು. ಅಂದರೆ ಶುರು ಮಾಡಬೇಕಾದದ್ದು ಶನಿವಾರ! ಮಗುವಿನ ಮುಖ ನೋಡಬೇಕು ಆಗ.

ಶುರು ಮಾಡೋದೇ ಕಷ್ಟವಾದರೆ

‘ಇವತ್ತಿಂದ ಚೆನ್ನಾಗಿ ಓದ್ತೀನಿ’ ಅನ್ನೋ ಮಾತಿಗೆ ಬೆಲೆ ಕಡಿಮೆ. ‘ಹಾಲು ಕುಡಿದು ಲೋಟ ಸಿಂಕಿಗೆ ಹಾಕಿದ ಕೂಡಲೇ ವಿಜ್ಞಾನದ ಪುಸ್ತಕ ತೆಗೀತೀನಿ’ ಅನ್ನೋ ಮಾತಿಗೆ ಜಾಸ್ತಿ. ಇಂಥದ್ದು ಆದಾಗ ಇಂಥದ್ದು ಮಾಡ್ತೀನಿ ಅಂತ ಮೊದಲೇ ಗಂಟು ಹಾಕಿಡೋದು ಎಷ್ಟು ನೆರವಾಗುತ್ತೆ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಲ್ಲೇ ತೋರಿಸಿದ್ದಾರೆ. 25 ನಿಮಿಷ ಓದು, 5 ನಿಮಿಷ ಬಿಡುವು ಅನ್ನೋ ಪದ್ಧತಿಯೂ ಒಳ್ಳೆಯದೇ. ಚಿಕ್ಕವರಿಗೆ 15 ಸಾಕು. ಟೈಮರ್ ಮೊಬೈಲಿನಲ್ಲಿ ಬೇಡ. ಕಾರಣ ನಿಮಗೇ ಗೊತ್ತು.

ನಿಧಾನಕ್ಕೆ ಕೈ ಬಿಡಿ

ಮೊದಲು ಜೊತೆಗೆ ಕೂತು ಮಾಡಿಸಿ. ಆಮೇಲೆ ‘ಮುಂದೇನು?’ ಅಂತಷ್ಟೇ ಕೇಳಿ. ಆಮೇಲೆ ಭಾನುವಾರ ಒಂದು ಸಲ ವಾರದ್ದೆಲ್ಲ ನೋಡಿದರೆ ಸಾಕು. ನಡುವೆ ಒಂದು ದಿನ ಮಗು ನೋಟ್‌ಬುಕ್ ಮರೆತು ಹೋದರೆ ಓಡಿ ಹೋಗಿ ಗೇಟಿನಲ್ಲಿ ಕೊಟ್ಟು ಬರಬೇಡಿ. ಟೀಚರ್‌ಗೆ ಮೊದಲೇ ವಿಷಯ ಹೇಳಿಟ್ಟಿರಿ. ಪರೀಕ್ಷೆಯ ಹಾಲ್ ಟಿಕೆಟ್ ಮರೆತರೆ ಮಾತ್ರ ಖಂಡಿತ ಓಡಿ, ಅಲ್ಲಿ ಪಾಠ ಕಲಿಸೋದು ಬೇಡ.

ಇಷ್ಟೆಲ್ಲ ಮಾಡಿದರೂ ತಿಂಗಳುಗಟ್ಟಲೆ ಏನೂ ಬದಲಾಗದೆ, ಮನೆಯಲ್ಲೂ ಶಾಲೆಯಲ್ಲೂ ಒಂದೇ ದೂರು ಬರ್ತಿದ್ದರೆ ಅದು ಸೋಮಾರಿತನ ಅಲ್ಲದೇ ಇರಬಹುದು. ಎಡಿಎಚ್‌ಡಿ, ಅಂದರೆ ಗಮನ ನಿಲ್ಲಿಸೋದು, ಸುಮ್ಮನೆ ಕೂರೋದು ಕಷ್ಟವಾಗುವ ಸಮಸ್ಯೆ ಇರುವ ಮಕ್ಕಳಿಗೆ ಇವೇ ಕೆಲಸಗಳು ತುಂಬಾ ಕಷ್ಟ. ಮಕ್ಕಳ ಡಾಕ್ಟರ್ ಹತ್ತಿರ ಒಮ್ಮೆ ಮಾತಾಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ವಿಭಾಗವಿದೆ. ಫೋನಿನಲ್ಲೇ ಕೇಳಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ.

ಯಾವಾಗ ಶುರು ಮಾಡೋದು? ಎಸ್ಸೆಸ್ಸೆಲ್ಸಿ ಪರೀಕ್ಷೆ ತಲೆ ಮೇಲಿರುವಾಗ, ಫೆಬ್ರವರಿಯಲ್ಲಿ, ಖಂಡಿತ ಬೇಡ. ಆಗ ಇರುವ ಹಾಗೇ ದಾಟಿಸಿ. ಜೂನ್ ಒಳ್ಳೆಯದು, ತಪ್ಪಿದರೆ ದಸರಾ ರಜೆ ಮುಗಿದ ಮೇಲೆ, ಬ್ಯಾಗಿನಿಂದ ಶುರು ಮಾಡಿ.