ಕೊರಿಯಾದ ಬೆಟ್ಟಗಳಿಗೆ ಹೊರಡುವ ಮೊದಲು: ಹೊಸದಾಗಿ ಬಂದ ಕುಟುಂಬಗಳಿಗೆ

ಸೋಲ್‌ಗೆ ಬಂದು ಮನೆ ಜೋಡಿಸಿ, ಮಕ್ಕಳ ಶಾಲೆ ಗೊತ್ತುಮಾಡಿಕೊಂಡ ಮೇಲೆ ಎಲ್ಲರೂ ಕೇಳುವುದು ಒಂದೇ: ಶನಿವಾರ ಎಲ್ಲಿಗೆ ಹೋಗೋಣ? ಬುಖಾನ್‌ಸಾನ್‌ಗೆ ಹೋಗಿ. ಸಾನ್ ಅಂದರೆ ಬೆಟ್ಟ. ಮೆಟ್ರೊದಲ್ಲೇ ತಲುಪುವ ರಾಷ್ಟ್ರೀಯ ಉದ್ಯಾನ ಇದು, ಪ್ರವೇಶ ಶುಲ್ಕವನ್ನು 2007ರಲ್ಲೇ ತೆಗೆದಿದ್ದಾರೆ.

ಆದರೆ ಮೊದಲ ಸಲವೇ ಮಕ್ಕಳನ್ನು ಕರೆದುಕೊಂಡು ಅದರ ತುದಿಯ ಪೇಗುಂದೇ ಶಿಖರಕ್ಕೆ ಹೊರಡಬೇಡಿ. ಎತ್ತರ ಬರೀ 836 ಮೀಟರ್ ಅಲ್ವಾ, ನಾವು ಮುಳ್ಳಯ್ಯನಗಿರಿಯನ್ನೇ ಹತ್ತಿದವರು ಅಂತ ನಾವೂ ಅಂದುಕೊಂಡಿದ್ದೆವು. ಅಲ್ಲಿ ಗಾಡಿ ಹೆಚ್ಚುಕಡಿಮೆ ನೆತ್ತಿಯ ಹತ್ತಿರದವರೆಗೆ ಹೋಗುತ್ತದೆ, ಇಲ್ಲಿ ಬುಡದಿಂದಲೇ ನಡೆಯಬೇಕು, ಕೊನೆಗೆ ಬೋಳು ಬಂಡೆಯ ಮೇಲೆ ಕಬ್ಬಿಣದ ಹಗ್ಗ ಹಿಡಿದು ಮೈ ಎಳೆದುಕೊಂಡು ಹತ್ತಬೇಕು. ಸಾದಾ ಶೂ ಹಾಕಿದ್ದ ನನ್ನ ಮಗಳು ಅರ್ಧದಲ್ಲಿ ಜಾರಿ ಅತ್ತುಬಿಟ್ಟಳು. ಅಲ್ಲಿಂದಲೇ ವಾಪಸ್ ಬಂದೆವು. ಚಿಕ್ಕ ಮಕ್ಕಳಿದ್ದರೆ ಬೆಟ್ಟದ ಬುಡ ಸುತ್ತುವ ದುಲ್ಲೆಗಿಲ್ ದಾರಿ ಸಾಕು. ಪೂರ್ತಿ ಸುಮಾರು 70 ಕಿಲೋಮೀಟರ್ ಇದೆ, ತುಂಡು ತುಂಡಾಗಿ ನಡೆಯಬಹುದು.

ಫೋನಿಗೆ ಇಲ್ಲಿಯವರೇ ಬಳಸುವ ನೇವರ್ ಮ್ಯಾಪ್ ಅಥವಾ ಕಾಕಾವ್ ಮ್ಯಾಪ್ ಹಾಕಿಕೊಳ್ಳಿ, ಗೂಗಲ್ ಮ್ಯಾಪ್ ನೆಚ್ಚಿಕೊಂಡು ಹೊರಡಬೇಡಿ. ಬೆಳಿಗ್ಗೆಯೇ ಹೊರಡಿ. ರಾತ್ರಿ ಚಾರಣಕ್ಕೆ ಅವಕಾಶವಿಲ್ಲ, ಇಂತಿಷ್ಟು ಹೊತ್ತಿನ ನಂತರ ಗೇಟಿನಲ್ಲೇ ತಡೆಯುತ್ತಾರೆ, ಚಳಿಗಾಲದಲ್ಲಂತೂ ಐದೂಕಾಲಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಕಾಡ್ಗಿಚ್ಚಿನ ಭಯಕ್ಕೆ ವಸಂತದಲ್ಲಿ ಮೇ ಮಧ್ಯದವರೆಗೆ, ಮತ್ತೆ ನವೆಂಬರ್ ಮಧ್ಯದಿಂದ ಒಂದು ತಿಂಗಳು ಎಷ್ಟೋ ದಾರಿ ಮುಚ್ಚಿರುತ್ತಾರೆ. ಜಿರಿಸಾನ್, ಸೊರಾಕ್‌ಸಾನ್‌ಗೆ ದೂರದಿಂದ ಹೋಗುವವರು ಉದ್ಯಾನದ ವೆಬ್‌ಸೈಟಿನಲ್ಲಿ ಇದನ್ನು ನೋಡದೆ ಟಿಕೆಟ್ ಮಾಡಬೇಡಿ. ಜೇಜು ದ್ವೀಪದ ಹಲ್ಲಾಸಾನ್ ತುದಿಗೆ ಹೋಗಲು ಮೊದಲೇ ಬುಕ್ ಮಾಡಿರಬೇಕು. ಈ ಯಾವ ಉದ್ಯಾನಕ್ಕೂ ಸಾಕುನಾಯಿಯನ್ನು ಕರೆದೊಯ್ಯುವ ಹಾಗಿಲ್ಲ, ಶಿಖರದಲ್ಲಿ ಮದ್ಯವೂ ನಿಷೇಧ.

ಹಿಮ ಬಿದ್ದ ಮೇಲೆ ಐಜೆನ್ ಇಲ್ಲದೆ ಹತ್ತಲೇಬೇಡಿ. ಶೂ ಮೇಲೆ ಕಟ್ಟಿಕೊಳ್ಳುವ ಕಬ್ಬಿಣದ ಹಲ್ಲುಗಳು ಅವು, ಅಂಗಡಿಯಲ್ಲಿ ಇದೇ ಹೆಸರಿನಿಂದ ಕೇಳಿ.

ಇದನ್ನು ಮನೆಯವರೆಲ್ಲ ನೆನಪಿಡಿ. ದಾರಿಯುದ್ದಕ್ಕೂ ನಂಬರ್ ಬರೆದ ಕಂಬಗಳಿರುತ್ತವೆ. ದಾಟುವಾಗೆಲ್ಲ ಒಂದು ಫೋಟೊ ತೆಗೆದುಕೊಳ್ಳಿ. ಯಾರಾದರೂ ಬಿದ್ದರೆ ತುರ್ತು ಸಹಾಯದ 119ಕ್ಕೆ ಕರೆ ಮಾಡಿ ಆ ನಂಬರ್ ಹೇಳಿದರೆ ನೀವು ಎಲ್ಲಿದ್ದೀರಿ ಅಂತ ಅವರಿಗೆ ತಿಳಿಯುತ್ತದೆ. ಕೊರಿಯನ್ ಭಾಷೆ ಬಾರದವರಿಗೆ ಇದಕ್ಕಿಂತ ದೊಡ್ಡ ಆಸರೆ ಬೇರೆ ಇಲ್ಲ.

ಊಟಕ್ಕೆ ಚಿತ್ರಾನ್ನವೋ ಚಪಾತಿ ಪಲ್ಯವೋ ಕಟ್ಟಿಕೊಳ್ಳಿ, ಬೆಟ್ಟದ ಮೇಲೆ ಒಲೆ ಹಚ್ಚುವ ಹಾಗಿಲ್ಲ. ಇಳಿದು ಬಂದ ಮೇಲೆ ಬುಡದ ಹೋಟೆಲುಗಳಲ್ಲಿ ಸಾಂಚೇ ಬಿಬಿಂಬಾಪ್, ಅಂದರೆ ಕಾಡುಸೊಪ್ಪು ಕಲಸಿ ತಿನ್ನುವ ಅನ್ನ, ಸಿಗುತ್ತದೆ. ಸಸ್ಯಾಹಾರಿಗಳು ಮಾಂಸ, ಮೊಟ್ಟೆ ಬೇಡ ಅಂತ ಮೊದಲೇ ಹೇಳಿ, ಜೊತೆಗೆ ಕೊಡುವ ಸಾರಿನಲ್ಲಿ ಒಣಮೀನು ಇರಬಹುದು, ಕೇಳಿಯೇ ಕುಡಿಯಿರಿ.

ಕಾಲಿಗೆ ಅಭ್ಯಾಸವಾದ ಮೇಲೆ ಅಕ್ಟೋಬರ್ ಮಧ್ಯದಲ್ಲಿ ಸೊರಾಕ್‌ಸಾನ್‌ಗೆ ಹೋಗಿ. ಅದರ ತುದಿ 1708 ಮೀಟರ್, ನಮ್ಮ ಕುಮಾರ ಪರ್ವತಕ್ಕಿಂತ ನಾಲ್ಕೇ ಮೀಟರ್ ಕಡಿಮೆ. ಕುಮಾರ ಪರ್ವತದ ಹಸಿರು ನೋಡಿ ಬೆಳೆದ ಕಣ್ಣಿಗೆ ಇಡೀ ಬೆಟ್ಟ ಕೆಂಪಾಗುವುದನ್ನು ನಂಬಲು ಸ್ವಲ್ಪ ಹೊತ್ತೇ ಬೇಕು. ಆ ವಾರ ಜನ ಜಾಸ್ತಿ, ಬೆಟ್ಟದ ಹತ್ತಿರದ ಊರು ಸೊಕ್ಚೊಗೆ ಹೋಗುವ ಬಸ್ಸಿನ ಸೀಟು ಬೇಗ ಮಾಡಿಸಿ, ಹಿಂದಿನ ರಾತ್ರಿ ಅಲ್ಲೇ ಉಳಿದು ಬೆಳಗ್ಗಿನ ಮೊದಲ ಸಿಟಿ ಬಸ್ ಹಿಡಿಯಿರಿ.