ಮಾಡೆಲರ್‌ಗೆ ಯಾವ ಪವರ್ ಆಂಪ್: ಟ್ಯೂಬಾ, ಸಾಲಿಡ್ ಸ್ಟೇಟಾ? ನನ್ನ ಅನುಭವ

ನಾನು ಧಾರವಾಡದ ಸಪ್ತಾಪುರದವನು. ಕೆಲಸ ಹುಬ್ಬಳ್ಳಿಯಲ್ಲಿ. ಶನಿವಾರ ರಾತ್ರಿ ವಿದ್ಯಾನಗರದ ಗೆಳೆಯನ ಮನೆಯ ಮಹಡಿ ಮೇಲೆ ನಮ್ಮ ನಾಲ್ವರ ಬ್ಯಾಂಡಿನ ರಿಹರ್ಸಲ್. ಗಣೇಶನ ಹಬ್ಬ, ಕಾಲೇಜ್ ಗ್ಯಾದರಿಂಗ್, ರಿಸೆಪ್ಷನ್, ಎಲ್ಲಿ ಕರೆದರೂ ಹೋಗುತ್ತೇವೆ. ನನ್ನ ಗಿಟಾರ್ ನೇರ ಹೋಗುವುದು ಲೈನ್ 6ರ ಎಚ್‌ಎಕ್ಸ್ ಸ್ಟಾಂಪ್‌ಗೆ. 2018ರಲ್ಲಿ ಬಂದ ಪುಟ್ಟ ಮಾಡೆಲರ್ ಅದು. ಆಂಪ್ (ಗಿಟಾರಿನ ಸದ್ದು ದೊಡ್ಡದು ಮಾಡುವ ಯಂತ್ರ), ಪೆಡಲ್ (ಸದ್ದಿನ ಬಣ್ಣ ಬದಲಿಸುವ ಡಬ್ಬಿ), ಸ್ಪೀಕರ್ ಪೆಟ್ಟಿಗೆ, ಮೈಕು, ಎಲ್ಲವೂ ಅದರೊಳಗೇ ಕಂಪ್ಯೂಟರ್ ಲೆಕ್ಕದ ರೂಪದಲ್ಲಿ ಇವೆ.

ಮೊದಮೊದಲು ಸೀದಾ ಸೌಂಡಿನವರ ಮಿಕ್ಸರ್‌ಗೆ ಕೊಡುತ್ತಿದ್ದೆ. ಕೂತು ಕೇಳುವವರಿಗೆ ಅದು ಚೆನ್ನಾಗಿಯೇ ಕೇಳುತ್ತಿತ್ತು. ನನಗೆ ಕೇಳುತ್ತಿರಲಿಲ್ಲ. ಇದ್ದೊಂದು ಮಾನಿಟರ್ (ಸ್ಟೇಜ್ ಮೇಲಿನವರು ಕೇಳಲು ಇಡುವ ಸ್ಪೀಕರ್) ಹಾಡುವವಳ ಮುಂದೆ ಇರುತ್ತಿತ್ತು, ಅದು ನ್ಯಾಯವೇ. ಡ್ರಮ್ಸ್ ಶುರುವಾದ ಮೇಲೆ ನಾನು ಏನು ನುಡಿಸುತ್ತಿದ್ದೇನೆ ಅನ್ನುವುದನ್ನು ಬೆರಳಿನಿಂದ ತಿಳಿಯಬೇಕಿತ್ತು, ಕಿವಿಯಿಂದಲ್ಲ. ಬೆನ್ನ ಹಿಂದೆ ಒಂದು ನಿಜವಾದ ಗಿಟಾರ್ ಸ್ಪೀಕರ್ ಇರಬೇಕು, ತಂತಿ ಮೀಟಿದಾಗ ಪ್ಯಾಂಟಿನ ಬಟ್ಟೆ ಅಲುಗಬೇಕು ಅನ್ನುವ ಆಸೆ ಆಗ ಹುಟ್ಟಿತು. ಮಾಡೆಲರಿನಿಂದ ಹೊರಬರುವ ಸಿಗ್ನಲ್ ತೀರಾ ಸಣ್ಣದು. ಸ್ಪೀಕರ್ ಅಲುಗಿಸಲು ನಡುವೆ ಪವರ್ ಆಂಪ್ ಬೇಕೇಬೇಕು.

ಮೊದಲು ಪೆಟ್ಟಿಗೆ ಮಾಡಿಸಿದೆ. ಹಳೇ ಹುಬ್ಬಳ್ಳಿಯ ಒಬ್ಬ ಬಡಗಿಯವರ ಹತ್ತಿರ 18 ಎಂಎಂ ಪ್ಲೈವುಡ್‌ನಲ್ಲಿ, ಹಿಂಭಾಗ ಪೂರ್ತಿ ಮುಚ್ಚಿದ್ದು. "ಕಪಾಟಕ್ಕ ಇಷ್ಟು ಸ್ಕ್ರೂ ಯಾಕ್ರೀ?" ಅಂತ ಕೇಳಿದರು. ಗಾಳಿ ಸೋರಬಾರದು, ಹಲಗೆ ನಡುಗಬಾರದು ಅಂದೆ. ಅರ್ಥ ಮಾಡಿಕೊಂಡು ಒಳಗೆ ಮೂಲೆಗಳಿಗೆ ಪಟ್ಟಿ ಬಡಿದು, ಫೆವಿಕಾಲ್ ಹಚ್ಚಿ, ಬಲು ಗಟ್ಟಿ ಮಾಡಿಕೊಟ್ಟರು. ಅದರಲ್ಲಿ ಒಂದು ಸೆಲೆಷನ್ ವಿಂಟೇಜ್ 30 ಸ್ಪೀಕರ್ ಕೂರಿಸಿದೆ. 12 ಇಂಚು, 8 ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ), 60 ವ್ಯಾಟ್. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 100 ಡೆಸಿಬಲ್ ಕೊಡುತ್ತದೆ. ಅಷ್ಟು ಜೋರಾದ ಸ್ಪೀಕರ್ ಇದ್ದರೆ ಆಂಪ್ ಮೇಲಿನ ಭಾರ ಎಷ್ಟೋ ಕಡಿಮೆ.

ಪವರ್ ಆಂಪಿನಲ್ಲಿ ಎರಡು ಬಗೆ: ಹಳೇ ರೇಡಿಯೋದಲ್ಲಿ ಇರುತ್ತಿದ್ದಂಥ ಗಾಜಿನ ಕೊಳವೆಗಳಿಂದ ನಡೆಯುವ ಟ್ಯೂಬ್, ಟ್ರಾನ್ಸಿಸ್ಟರುಗಳಿಂದ ನಡೆಯುವ ಸಾಲಿಡ್ ಸ್ಟೇಟ್. ನನ್ನ ಹುಡುಕಾಟ ಟ್ಯೂಬಿನಿಂದಲೇ ಶುರುವಾಯಿತು. ಗಿಟಾರಿಗೆ ಟ್ಯೂಬೇ ಬೇಕು ಅಂತ ಎಲ್ಲರೂ ಹೇಳುತ್ತಾರಲ್ವಾ, ನಾನೂ ಹಾಗೇ ನಂಬಿದ್ದೆ. ರಿಹರ್ಸಲ್ ಮನೆಯ ಗೆಳೆಯನ ಹತ್ತಿರ 50 ವ್ಯಾಟಿನ ಟ್ಯೂಬ್ ಹೆಡ್ (ಸ್ಪೀಕರ್ ಇಲ್ಲದ, ಬರೀ ಆಂಪಿನ ಡಬ್ಬಿ) ಇತ್ತು. ಹಿಂದೆ ಎರಡು ಇಎಲ್34 ಪವರ್ ಟ್ಯೂಬು. ಅದರ ಎಫೆಕ್ಟ್ಸ್ ರಿಟರ್ನ್ ಅನ್ನುವ ಜಾಕಿಗೆ ಮಾಡೆಲರ್ ಜೋಡಿಸಿದರೆ ಹೆಡ್ಡಿನ ಪ್ರೀಆಂಪ್ (ಟೋನ್ ರೂಪಿಸುವ ಮೊದಲ ಭಾಗ) ಬದಿಗೆ ಸರಿಯುತ್ತದೆ, ಪವರ್ ಭಾಗ ಮಾತ್ರ ಕೆಲಸ ಮಾಡುತ್ತದೆ. ಟ್ಯೂಬ್ ಪವರ್ ಆಂಪ್ ಕೊಳ್ಳುವ ಮೊದಲು ಅದು ನಿಮಗೆ ಹಿಡಿಸುತ್ತದಾ ಅಂತ ನೋಡಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಜೋಡಿಸಿ ನುಡಿಸಿದೆ. ಬೇಜಾರಾಯಿತು. ಕೆಳಗಿನ ತಂತಿಗಳ ನಾದ ಗುಂಯ್ ಅಂತ ಊದಿಕೊಂಡಿತ್ತು, ಮೇಲಿನದು ಕಿವಿಗೆ ಚುಚ್ಚುತ್ತಿತ್ತು. ಗೆಳೆಯ ಅಂದ: "ದೋಸ್ತ, ಇದು ನೆಗಡಿ ಆದವ್ರು ಹಾಡಿಧಂಗ ಕೇಳಾಕತ್ತೈತಿ." ಸ್ಪೀಕರ್ ಮಾಡೆಲ್ ಬಂದ್ ಮಾಡಿದ್ದೆ, ಅದು ಗೊತ್ತಿತ್ತು. ನಿಜವಾದ ಗಿಟಾರ್ ಸ್ಪೀಕರ್ ಇರುವಾಗ ಅದನ್ನು ಬಂದ್ ಮಾಡಲೇಬೇಕು. ಆದರೂ ಎಲ್ಲೋ ತಪ್ಪುತ್ತಿತ್ತು.

ತಪ್ಪು ಗೊತ್ತಾಗಲು ಎರಡು ವಾರ ಬೇಕಾಯಿತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಯ್ಕೆ ನಿಂತಿರುವುದೇ ಇದರ ಮೇಲೆ.

ಸ್ಪೀಕರಿನ ಮೇಲೆ 8 ಓಮ್ ಅಂತ ಬರೆದಿದ್ದರೂ ಎಲ್ಲಾ ಸ್ವರಕ್ಕೂ ಅದು 8 ಓಮ್ ಆಗಿರುವುದಿಲ್ಲ. ಕೆಳಗಿನ ಸ್ವರಗಳಲ್ಲಿ, ಸ್ಪೀಕರಿನ ಕಾಗದದ ಕೋನ್ ತಾನಾಗಿಯೇ ತೂಗುವ ಒಂದು ಜಾಗ ಇದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು 100 ಹರ್ಟ್ಸ್ ಆಸುಪಾಸು. ಅಲ್ಲಿ ಆ 8 ಓಮ್ ಹಲವು ಪಟ್ಟು ಏರುತ್ತದೆ. ಮೇಲಕ್ಕೆ ಹೋದ ಹಾಗೆ ಸ್ಪೀಕರಿನ ಕಾಯಿಲ್ ಕಾರಣದಿಂದ ಮತ್ತೆ ಮೆಲ್ಲಗೆ ಏರುತ್ತದೆ. ಸಾಲಿಡ್ ಸ್ಟೇಟ್ ಪವರ್ ಆಂಪ್ ಈ ಏರಿಳಿತಕ್ಕೆ ಕಿವಿಗೊಡುವುದಿಲ್ಲ. ಎಲ್ಲಾ ಸ್ವರಕ್ಕೂ ಒಂದೇ ಸಮನಾದ ವೋಲ್ಟೇಜ್ ಕೊಡುತ್ತದೆ. ಟ್ಯೂಬ್ ಹಾಗಲ್ಲ. ಸ್ಪೀಕರ್ ಎಲ್ಲಿ ಓಮ್ ಏರಿಸುತ್ತದೋ ಅಲ್ಲಿ ಟ್ಯೂಬಿನ ವೋಲ್ಟೇಜೂ ಏರುತ್ತದೆ. ಅದರಿಂದಲೇ ಕೆಳಗೆ ಆ ಧಂ ಅನ್ನುವ ಗುದ್ದು, ಮೇಲೆ ಆ ಹೊಳಪು. ಟ್ಯೂಬಿನ ಟೋನ್ ಅಂತ ನಾವು ಹೊಗಳುವುದರಲ್ಲಿ ದೊಡ್ಡ ಪಾಲು ಇದೇ.

ಧಾರವಾಡದಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ತಂಬೂರಿಯ ಕುದುರೆಯ (ತಂತಿಗಳನ್ನು ಹೊತ್ತ ತುಂಡಿನ) ಮೇಲೆ ತಂತಿಯ ಕೆಳಗಿಡುವ ಎಳೆದಾರ ಕೂದಲೆಳೆಯಷ್ಟು ಸರಿದರೂ ನಾದ ಬೇರೆಯಾಗುತ್ತದೆ. ಜವಾರಿ ತೆರೆಯುವುದು ಅಂತಾರೆ. ತಂತಿ ಅದೇ, ಮೀಟುವ ಬೆರಳೂ ಅದೇ. ನಾದ ಹುಟ್ಟುವುದು ತಂತಿಗೂ ಕುದುರೆಗೂ ನಡುವೆ. ಟ್ಯೂಬಿಗೂ ಸ್ಪೀಕರಿಗೂ ನಡುವೆ ಇರುವುದು ಅಂಥದೇ ನಂಟು ಅಂತ ನನಗೆ ಅನ್ನಿಸುತ್ತದೆ.

ಈಗ ಮಾಡೆಲರ್ ಕಡೆ ಬನ್ನಿ. ಅದರಲ್ಲಿ ಒಂದು ಪೂರ್ತಿ ಆಂಪ್ ಆರಿಸಿದರೆ ಪ್ರೀಆಂಪ್ ಮಾತ್ರ ಬರುವುದಿಲ್ಲ. ಪವರ್ ಟ್ಯೂಬು, ಟ್ರಾನ್ಸ್‌ಫಾರ್ಮರ್, ಸ್ಪೀಕರಿನ ಜೊತೆಗಿನ ಆ ಏರಿಳಿತ, ಎಲ್ಲದರ ಲೆಕ್ಕವೂ ಅದರಲ್ಲಿ ಸೇರಿರುತ್ತದೆ. ಅದನ್ನು ಒಯ್ದು ನಿಜವಾದ ಟ್ಯೂಬಿಗೆ ಕೊಟ್ಟಾಗ ಅದೇ ಗುದ್ದು, ಅದೇ ಹೊಳಪು ಎರಡನೇ ಸಲ ಸೇರಿತು. ಎರಡು ಸಲ ಉಪ್ಪು ಬಿದ್ದ ಸಾರಿನಂತೆ. ನನ್ನ ಮಾಡೆಲರಿನಲ್ಲಿ ಬರೀ ಪ್ರೀಆಂಪ್ ಮಾಡೆಲ್‌ಗಳ ಪಟ್ಟಿ ಬೇರೆಯೇ ಇದೆ. ಅದರಿಂದ ಒಂದನ್ನು ಹಾಕಿದ ಕೂಡಲೇ ಹೆಡ್ಡು ಬಾಯಿಬಿಟ್ಟಿತು. ಎಷ್ಟು ಚೆನ್ನಾಗಿತ್ತೆಂದರೆ ಆ ರಾತ್ರಿ ಹನ್ನೊಂದರವರೆಗೂ ನಾನು ಎದ್ದಿಲ್ಲ.

ಹಾಗಾದರೆ ಟ್ಯೂಬೇ ಸರಿ ಅಂತ ಅಲ್ಲಿಗೇ ಮುಗಿಸಬಹುದಿತ್ತು. ಅಷ್ಟರಲ್ಲಿ ಇನ್ನೊಬ್ಬ ಗೆಳೆಯ ಬೆಂಗಳೂರಿನಿಂದ ಬರುವಾಗ ತನ್ನ ಸೆಮೋರ್ ಡಂಕನ್ ಪವರ್‌ಸ್ಟೇಜ್ 170 ತಂದ. ಕ್ಲಾಸ್ ಡಿ ಅನ್ನುವ ಹಗುರ ಬಗೆಯ ಸಾಲಿಡ್ ಸ್ಟೇಟ್ ಪವರ್ ಆಂಪ್ ಅದು, ಪೆಡಲ್ ಜೋಡಿಸುವ ಬೋರ್ಡ್ ಮೇಲೆ ಪೆಡಲ್ ಥರವೇ ಕೂರುತ್ತದೆ. ಒಂದು ತಿಂಗಳು ನನ್ನ ಹತ್ತಿರವೇ ಬಿಟ್ಟು ಹೋದ. ಇದಕ್ಕೆ ಪೂರ್ತಿ ಆಂಪ್ ಮಾಡೆಲ್ಲೇ ಬೇಕು. ಟ್ಯೂಬಿನ ಕೆಲಸವನ್ನು ಮಾಡೆಲರ್ ಮಾಡುತ್ತದೆ, ಇದು ಅದನ್ನು ದೊಡ್ಡದು ಮಾಡಿ ಕೊಡುತ್ತದೆ, ಅಷ್ಟೇ.

ಎರಡನ್ನೂ ಹೋಲಿಸಲು ಒಂದು ಉಪಾಯ ಮಾಡಿದೆವು. ಮಾಡೆಲರಿನ ಲೂಪರ್ ಬ್ಲಾಕನ್ನು (ನುಡಿಸಿದ್ದನ್ನು ಹಿಡಿದು ಮತ್ತೆ ಮತ್ತೆ ಕೇಳಿಸುವ ಭಾಗ) ಸಾಲಿನ ಎಲ್ಲಕ್ಕಿಂತ ಮುಂದೆ ಇಟ್ಟು, ಬರೀ ಗಿಟಾರಿನ ಒಂದು ತುಣುಕು ರೆಕಾರ್ಡ್ ಮಾಡಿದೆ. ಹೀಗೆ ಮಾಡಿದರೆ ಎರಡು ಆಂಪಿಗೂ ಹೋಗುವುದು ಅದೇ ಬೆರಳು, ಅದೇ ಮೀಟು. ಫೋನಿನ ಡೆಸಿಬಲ್ ಆಪ್ ಹಿಡಿದು ಎರಡರ ಜೋರನ್ನೂ ಸಮ ಮಾಡಿದೆವು. ಇದನ್ನು ಬಿಡಬೇಡಿ. ಸ್ವಲ್ಪವೇ ಜೋರಿದ್ದರೂ ನಮ್ಮ ಕಿವಿ ಅದೇ ಚಂದ ಅಂದುಬಿಡುತ್ತದೆ. ನಾನು ಗೋಡೆ ಕಡೆ ಮುಖ ಮಾಡಿ ಕೂತೆ, ನನ್ನ ತಮ್ಮ ಹಿಂದಿನಿಂದ ಆಂಪ್ ಬದಲಿಸಿದ. ಟ್ಯೂಬ್ ಹೆಡ್ಡಿಗೆ ಸ್ಪೀಕರ್ ಇಲ್ಲದೆ ಸಿಗ್ನಲ್ ಹೋದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೇ ಹೋಗಬಹುದು. ಅದಕ್ಕೇ ಪ್ರತಿ ಸಲವೂ ಅದನ್ನು ಸ್ಟ್ಯಾಂಡ್‌ಬೈಗೆ ಹಾಕಿ ಆಮೇಲೆ ವೈರ್ ಕೀಳು ಅಂತ ಅವನಿಗೆ ಗಟ್ಟಿಯಾಗಿ ಹೇಳಿದ್ದೆ.

ಮನೆಯಲ್ಲಿ ನುಡಿಸುವ ಜೋರಿನಲ್ಲಿ ಹತ್ತಕ್ಕೆ ಐದು ಸಲ ಸರಿ ಹೇಳಿದೆ. ಅಂದರೆ ನನಗೆ ಗೊತ್ತೇ ಆಗಲಿಲ್ಲ. ಡ್ರಮ್ಸ್ ಜೊತೆ ನುಡಿಸುವ ಜೋರಿಗೆ ಏರಿಸಿದಾಗ ಹತ್ತಕ್ಕೆ ಎಂಟು. ಆ ಜೋರಿನಲ್ಲಿ ಟ್ಯೂಬು ಮೀಟಿನ ಮೊದಲ ಏಟನ್ನು ಒಂಚೂರು ಮೆತ್ತಗೆ ಮಾಡುತ್ತದೆ, ಆಮೇಲೆ ನಾದ ಉಬ್ಬಿ ಬರುತ್ತದೆ. ಪವರ್‌ಸ್ಟೇಜಿನಲ್ಲಿ ಏಟು ಏಟಾಗಿಯೇ ಬರುತ್ತದೆ. ಬೆರಳಿಗೆ ಟ್ಯೂಬು ಹೆಚ್ಚು ಹಿತ. ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಪಕ್ಕದಲ್ಲಿ ಕೂತ ಬೇಸ್ ನುಡಿಸುವವನಿಗೂ ಡ್ರಮ್ಮರಿಗೂ ಆ ಜೋರಿನಲ್ಲೂ ವ್ಯತ್ಯಾಸ ತಿಳಿಯಲಿಲ್ಲ.

ಪವರ್‌ಸ್ಟೇಜಿನಲ್ಲಿ ಮೊದಲು ಕೆಳಗಿನ ಗುದ್ದು ಕಡಿಮೆ ಅನ್ನಿಸಿತ್ತು. ಮಾಡೆಲರ್ ಲೆಕ್ಕ ಹಾಕುವುದು ತನ್ನೊಳಗಿನ ಸ್ಪೀಕರಿಗೆ, ನನ್ನ ಪೆಟ್ಟಿಗೆಯ ಏರು ಅದಕ್ಕೆ ಗೊತ್ತಿಲ್ಲ. ಕೊನೆಗೆ ಒಂದು ಪ್ಯಾರಾಮೆಟ್ರಿಕ್ ಇಕ್ಯೂ ಬ್ಲಾಕ್ (ಬೇಕಾದ ಸ್ವರಗಳನ್ನಷ್ಟೇ ಏರಿಸಿ ಇಳಿಸುವ ಭಾಗ) ಹಾಕಿ 110 ಹರ್ಟ್ಸ್ ಹತ್ತಿರ 3 ಡೆಸಿಬಲ್ ಏರಿಸಿದೆ. 4 ಕಿಲೋಹರ್ಟ್ಸ್ ಹತ್ತಿರ 2 ಡೆಸಿಬಲ್. ಸುಮ್ನೆ ಅಂದಾಜಿಗೆ ಹಾಕಿದ್ದಲ್ಲ, ಟ್ಯೂಬ್ ಹೆಡ್ಡಿನ ಪಕ್ಕ ಇಟ್ಟು ಕೇಳಿ ಕೇಳಿ ಹೊಂದಿಸಿದ್ದು. ನಿಮ್ಮ ಪೆಟ್ಟಿಗೆಗೆ ಈ ಅಂಕಿ ಬೇರೆ ಬರುತ್ತವೆ.

ಆದರೂ ಮನಸ್ಸು ಟ್ಯೂಬಿನ ಕಡೆಗೇ ಇತ್ತು. ಅದನ್ನು ತಿರುಗಿಸಿದ್ದು ಹಾವೇರಿ ಕಡೆಯ ಒಂದು ಊರಿನ ಗಣೇಶೋತ್ಸವ. ಹೆಡ್ಡು ಒಯ್ದಿದ್ದೆ. ಹೊತ್ತು ಮುಳುಗಿದ ಮೇಲೆ ಮಂಟಪದ ಸೀರಿಯಲ್ ಸೆಟ್ಟು, ದೊಡ್ಡ ಲೈಟುಗಳು ಎಲ್ಲಾ ಒಟ್ಟಿಗೆ ಹತ್ತಿದವು. ಮೂರನೇ ಹಾಡಿಗೆ ಗಿಟಾರ್ ಸೊರಗಿತು. ಗೇನ್ ಏರಿಸಿದರೂ ಜೀವ ಬರಲಿಲ್ಲ. ಲೈಟ್ ನೋಡಿಕೊಳ್ಳುವವರು ಮೀಟರ್ ಇಟ್ಟು ನೋಡಿದರೆ 190 ವೋಲ್ಟ್.

ಊರಿಗೆ ಬಂದು ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ ರೇಡಿಯೋ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ. ನಾವು ಟ್ಯೂಬ್ ಅನ್ನುವುದನ್ನು ಅವರು ವಾಲ್ವ್ ಅನ್ನುತ್ತಾರೆ. ಬೆಂಗಳೂರಿನ ಬಿಇಎಲ್ ವಾಲ್ವ್ ತಯಾರಿಸುತ್ತಿದ್ದ ಕಾಲದಿಂದ ಈ ಕೆಲಸದಲ್ಲಿದ್ದವರು. "ತಮ್ಮಾ, ವಾಲ್ವಿನ ಹೊಟ್ಟಿ ಒಳಗ ಬೆಂಕಿ ಇರತೈತಿ. ಕರೆಂಟ್ ಕಡಿಮಿ ಆದ್ರ ಬೆಂಕಿ ಆರತೈತಿ" ಅಂದರು. ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ವಾಲ್ವ್ ಕಾಯಿಸುವ ಒಳಗಿನ ಹೀಟರಿಗೆ ಬೇಕಾದದ್ದು 6.3 ವೋಲ್ಟ್. 230ರ ಜಾಗದಲ್ಲಿ 190 ಬಂದರೆ ಅದು 5.2ಕ್ಕೆ ಇಳಿಯುತ್ತದೆ. ಒಳಗಿನ ದೊಡ್ಡ ವೋಲ್ಟೇಜೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಪವರ್ ಅನ್ನುವುದು ವೋಲ್ಟೇಜಿನ ವರ್ಗದ ಲೆಕ್ಕ, ಹಾಗಾಗಿ 50 ವ್ಯಾಟ್ 34ರ ಹತ್ತಿರ ಬರುತ್ತದೆ. ನನ್ನ ಗಿಟಾರ್ ಸೊರಗಿದ್ದು ಅದಕ್ಕೆ. ಸ್ಟೆಬಿಲೈಸರ್ ಒಯ್ಯಬಹುದು ನಿಜ. ಹೆಡ್ಡಿನ ಇಪ್ಪತ್ತು ಕಿಲೋ ಮೇಲೆ ಅದರ ಭಾರವೂ ಸೇರುತ್ತದೆ. ಹಾಗೇ, ಇಎಲ್34 ಜೋಡಿ ಸವೆದರೆ ಮುಂಬೈಯಿಂದಲೋ ಬೆಂಗಳೂರಿನಿಂದಲೋ ತರಿಸಿ, ಬಯಾಸ್ (ಟ್ಯೂಬಿನಲ್ಲಿ ಸದಾ ಹರಿಯುವ ಕರೆಂಟಿನ ಮಟ್ಟ) ಗೊತ್ತಿದ್ದವರ ಕೈಯಲ್ಲಿ ಹೊಂದಿಸಬೇಕು. ಒಳಗೆ 400 ವೋಲ್ಟ್ ಮೇಲಿರುತ್ತದೆ, ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ. ದಯವಿಟ್ಟು ನೀವೇ ಬಿಚ್ಚಬೇಡಿ.

ಆ ವಾರವೇ ನನ್ನದೇ ಪವರ್‌ಸ್ಟೇಜ್ ತರಿಸಲು ದುಡ್ಡು ಕಟ್ಟಿದೆ.

ಕೊಳ್ಳುವವರು ಓಮ್ ಲೆಕ್ಕ ಒಂದನ್ನು ಮರೆಯಬಾರದು. ಟ್ಯೂಬ್ ಹೆಡ್ಡಿನಲ್ಲಿ 4, 8, 16ಕ್ಕೆ ಬೇರೆ ಬೇರೆ ಜಾಕ್ ಇರುತ್ತವೆ. ಸರಿಯಾದದ್ದಕ್ಕೆ ಚುಚ್ಚಿದರೆ ಪೂರ್ತಿ ವ್ಯಾಟ್ ಸಿಗುತ್ತದೆ. ಸಾಲಿಡ್ ಸ್ಟೇಟಿನಲ್ಲಿ ಹಾಗಿಲ್ಲ. ಡಬ್ಬಿಯ ಮೇಲಿನ 170 ವ್ಯಾಟ್ ಅನ್ನುವುದು 4 ಓಮ್‌ಗೆ. 8 ಓಮ್ ಹಾಕಿದರೆ ಹೆಚ್ಚುಕಡಿಮೆ ಅರ್ಧ, 16 ಹಾಕಿದರೆ ಅದರ ಅರ್ಧ. ನನ್ನ ಒಂದು ಪೆಟ್ಟಿಗೆ 8 ಓಮ್, ಬಯಲಿನಲ್ಲಿ ನುಡಿಸುವಾಗ ಜೋರು ಸಾಲುತ್ತಿರಲಿಲ್ಲ. ಅದೇ ಬಡಗಿಯವರ ಹತ್ತಿರ ಇನ್ನೊಂದು ಅಂಥದೇ ಪೆಟ್ಟಿಗೆ ಮಾಡಿಸಿ, ಎರಡನ್ನೂ ಪ್ಯಾರಲಲ್ ಜೋಡಿಸಿದೆ. 4 ಓಮ್ ಆಯಿತು. ವ್ಯಾಟ್ ಇಮ್ಮಡಿ ಆದದ್ದಕ್ಕೆ 3 ಡೆಸಿಬಲ್, ಎರಡು ಕೋನ್ ಒಟ್ಟಿಗೆ ಗಾಳಿ ತಳ್ಳುವುದಕ್ಕೆ ಹತ್ತಿರ ಹತ್ತಿರ ಇನ್ನೊಂದು 3. ಈಗ ಡ್ರಮ್ಮರ್ ನನಗೆ ಕಡಿಮೆ ಮಾಡು ಅನ್ನುತ್ತಾನೆ. ಎರಡು ಸ್ಪೀಕರ್ ಸೇರಿ ತಡೆಯುವುದು 120 ವ್ಯಾಟ್, ಆಂಪ್ 170, ಅದಕ್ಕೇ ಲೆವೆಲ್ ಅರ್ಧ ದಾಟಿಸುವುದಿಲ್ಲ. ಮೂರನೇ ಪೆಟ್ಟಿಗೆ ಅಂತೂ ಜೋಡಿಸಬಾರದು. 4 ಓಮ್‌ಗಿಂತ ಕೆಳಗಿಳಿದರೆ ಆಂಪಿಗೆ ಅಪಾಯ. ಮತ್ತೆ, ಆಂಪಿನಿಂದ ಪೆಟ್ಟಿಗೆಗೆ ಸ್ಪೀಕರ್ ಕೇಬಲ್ಲೇ ಬೇಕು. ಗಿಟಾರ್ ಕೇಬಲ್ ಹಾಕಿದರೆ ಬಿಸಿಯಾಗುತ್ತದೆ. ಎರಡೂ ನೋಡಲು ಒಂದೇ ಥರ ಇರುತ್ತವೆ, ನಾನು ಸ್ಪೀಕರಿನದಕ್ಕೆ ಕೆಂಪು ಟೇಪ್ ಸುತ್ತಿದ್ದೇನೆ.

ಸ್ಟೇಜ್ ಮೇಲೆ ಈಗ ಹೀಗೆ ಜೋಡಿಸುತ್ತೇನೆ. ಗಿಟಾರ್, ಪೆಡಲ್‌ಗಳು, ಪೂರ್ತಿ ಆಂಪ್ ಮಾಡೆಲ್, ಡಿಲೇ. ಇಲ್ಲಿ ಒಂದು ಸೆಂಡ್ ಬ್ಲಾಕ್. ಅದರಿಂದ ಒಂದು ಸಾಲು ಪವರ್ ಆಂಪಿಗೆ ಹೋಗುತ್ತದೆ. ಸೆಂಡ್ ಆದ ಮೇಲೆ ಸ್ಪೀಕರಿನ ಐಆರ್ (ಸ್ಪೀಕರ್ ಪೆಟ್ಟಿಗೆ, ಮೈಕಿನ ನಾದದ ಡಿಜಿಟಲ್ ನಕಲು), ಅದರಿಂದ ಮುಖ್ಯ ಔಟ್‌ಪುಟ್ ಸೀದಾ ಮಿಕ್ಸರ್‌ಗೆ. ನನ್ನ ಪೆಟ್ಟಿಗೆ ನನಗೂ ಡ್ರಮ್ಮರಿಗೂ, ಮಿಕ್ಸರ್‌ಗೆ ಹೋದದ್ದು ಜನಕ್ಕೆ. ಸೌಂಡಿನವರು ಮೈಕು ಇಡುವ ಗೋಜಿಲ್ಲ. ಆ 110 ಹರ್ಟ್ಸಿನ ಇಕ್ಯೂ ಪೆಟ್ಟಿಗೆಯ ಸಾಲಿಗೆ ಮಾತ್ರ ಬೇಕು, ಮಿಕ್ಸರ್‌ಗೆ ಬೇಡ. ಬ್ಲಾಕ್ ಉಳಿಸಲು ಅದನ್ನು ಪವರ್‌ಸ್ಟೇಜಿನದೇ ಬಾಸ್, ಟ್ರೆಬಲ್ ಗುಂಡಿಗಳಲ್ಲಿ ಹೊಂದಿಸಿಕೊಂಡಿದ್ದೇನೆ. ಇಕ್ಯೂ ಬ್ಲಾಕಿನಷ್ಟು ನಿಖರ ಅಲ್ಲ, ಬಯಲಿನಲ್ಲಿ ಸಾಕು.

ಟ್ಯೂಬ್ ಹೆಡ್ಡನ್ನು ಬಿಟ್ಟಿಲ್ಲ. ವಿದ್ಯಾನಗರದ ಆ ಮಹಡಿಯಲ್ಲೇ ಇದೆ, ಅಲ್ಲಿ ಸ್ಟೆಬಿಲೈಸರ್ ಇದೆ, ಹೊರುವ ಕೆಲಸ ಇಲ್ಲ. ಶನಿವಾರ ಅಲ್ಲಿ ಪ್ರೀಆಂಪ್ ಮಾಡೆಲ್ ಹಾಕಿ ಅದರಲ್ಲೇ ನುಡಿಸುತ್ತೇನೆ. ಮಾಡೆಲರಿನಲ್ಲಿ ಪ್ರತಿ ಟೋನಿಗೂ ಎರಡು ಪ್ರೀಸೆಟ್ ಮಾಡಿಟ್ಟಿದ್ದೇನೆ. ಒಂದರ ಹೆಸರು ಮನೆ, ಇನ್ನೊಂದರದು ಬಯಲು. ಒಬ್ಬನೇ ಅಭ್ಯಾಸಕ್ಕೆ ಹೋಗುವಾಗ ಗಿಟಾರ್ ಬೆನ್ನಿಗೆ ಹಾಕಿ, ಬೋರ್ಡ್ ಕೈಯಲ್ಲಿ ಹಿಡಿದು ಚಿಗರಿ ಬಸ್ ಹತ್ತುತ್ತೇನೆ. ಪೆಟ್ಟಿಗೆಗಳು ಬೇಸ್ ನುಡಿಸುವವನ ಓಮ್ನಿಯಲ್ಲಿ ಹೋಗುತ್ತವೆ. ಮುಂದಿನ ವಾರ ಗದಗಿನಲ್ಲಿ ಒಂದು ಗ್ಯಾದರಿಂಗ್ ಇದೆ. ಅಷ್ಟರಲ್ಲಿ ಎರಡನೇ ಪೆಟ್ಟಿಗೆಗೆ ಚಕ್ರ ಹಾಕಿಸಬೇಕು.